ಹೂವಿನ ನೆರಳು ಮಸುಕಾಗುವ ಲೆಕ್ಕ

ಹೂವಿನ ಫೋಟೋ ಚೆನ್ನಾಗಿ ಬರಬೇಕು ಅಂದ್ರೆ ಬೆಳಕು ಜಾಸ್ತಿ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಚಿಕ್ಕಬಳ್ಳಾಪುರದ ಮಾರುಕಟ್ಟೆಯಿಂದ ತಾಜಾ ಸೇವಂತಿಗೆ ತಂದು, ನಡು ಮಧ್ಯಾಹ್ನ ತಾರಸಿಯ ಮೇಲಿಟ್ಟು ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಬೆಳಕಿಗೇನೂ ಬರವಿಲ್ಲ. ಆದರೂ ಒಂದು ಎಸಳಿನ ನೆರಳು ಇನ್ನೊಂದರ ಮೇಲೆ ಕರ್ರಗೆ ಬಿದ್ದು ಹೂವು ಒರಟಾಗುತ್ತದೆ. ಮೋಡ ಕವಿದ ದಿನ ಅದೇ ಹೂವು ಎಷ್ಟು ಮೆತ್ತಗೆ ಕಾಣುತ್ತದೆ! ಬೆಳಕು ಕಮ್ಮಿಯಾಗಿದ್ದೇ ಕಾರಣ ಅಂದುಕೊಳ್ಳಬೇಡಿ. ಆ ದಿನ ಬೆಳಕು ಇಡೀ ಆಕಾಶದಿಂದ ಬರುತ್ತಿರುತ್ತದೆ.

ಸೂರ್ಯನೂ ದೊಡ್ಡವನೇ ಅಲ್ವಾ? ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಅಂದರೆ ಅಡ್ಡಳತೆಯ ಸುಮಾರು 107 ಪಟ್ಟು ಆಚೆ. ಎಸಳಿನ ಮೇಲೆ ಕೂತ ಇರುವೆಗೆ ಅವನು ಅರ್ಧ ಡಿಗ್ರಿಯ ಬಿಲ್ಲೆ. ಹಾಗಾಗಿ ಎಸಳಿಗೂ ನೆರಳು ಬೀಳುವ ಜಾಗಕ್ಕೂ ಒಂದು ಸೆಂಟಿಮೀಟರ್ ಅಂತರವಿದ್ದರೆ, ನೆರಳಿನ ಅಂಚು ಮಸುಕಾಗುವುದು ಅದರ 107ರಲ್ಲಿ ಒಂದು ಪಾಲು. ಬರೀ 0.1 ಮಿಲಿಮೀಟರ್.

ಈಗ ಹೂವನ್ನು ಒಳಗೆ ತನ್ನಿ. ನೇರ ಬಿಸಿಲು ಬೀಳದ, ಮೂರಡಿ ಅಗಲದ ಕಿಟಕಿಯಿಂದ ಮೂರಡಿ ದೂರ ಇಡಿ. ಕಿಟಕಿಯ ಅಗಲವೂ ದೂರವೂ ಸಮ, ಹಾಗಾಗಿ ಅದೇ ಒಂದು ಸೆಂಟಿಮೀಟರ್ ಅಂತರಕ್ಕೆ ಮಸುಕು ಕೂಡ ಸುಮಾರು ಒಂದು ಸೆಂಟಿಮೀಟರ್. ನೆರಳು ಕರಗಿಯೇ ಹೋಯಿತು. ಹೂವನ್ನು ಕೋಣೆಯ ಆ ತುದಿಗೆ, ಹನ್ನೆರಡು ಅಡಿ ದೂರಕ್ಕೆ ಒಯ್ಯಿರಿ. ಬೆಳಕು ಮಂಕಾಯಿತು, ಆದರೆ ನೆರಳು ನಾಲ್ಕು ಪಟ್ಟು ಚೂಪಾಯಿತು! ಮಂಕು ಬೆಳಕೇ ಮೃದು ಬೆಳಕು ಅನ್ನುವ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಸಂಜೆ ಟ್ಯೂಬ್‌ಲೈಟ್ ಕೆಳಗೆ ಒಂದು ಸೇವಂತಿಗೆ ಕಡ್ಡಿ ಹಿಡಿದು ನೋಡಿ. ಕಡ್ಡಿ ಟ್ಯೂಬಿನ ಉದ್ದಕ್ಕೇ ಇದ್ದಾಗ ನೆರಳು ಗೆರೆಯಂತೆ ಬೀಳುತ್ತದೆ. ಅಡ್ಡ ತಿರುಗಿಸಿದರೆ ಕಾಣೆಯಾಗುತ್ತದೆ. ಒಂದೇ ದೀಪ, ಒಂದು ದಿಕ್ಕಿಗೆ ದೊಡ್ಡದು, ಇನ್ನೊಂದಕ್ಕೆ ಚಿಕ್ಕದು.

ಇದೇ ರೇಖಾಗಣಿತವನ್ನು ಸಾವಿರ ವರ್ಷದ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈತಮ್ ಗ್ರಹಣದ ಬೆಳಕಿನಲ್ಲಿ ಬಿಡಿಸಿದ್ದ. ಬೆಳಕು ಹಾಯುವ ತೂತು ಸಣ್ಣದಾಗಿದ್ದರೆ ಮಾತ್ರ ಸೂರ್ಯನ ಕುಡುಗೋಲಿನ ಆಕಾರ ಮೂಡುತ್ತದೆ, ದೊಡ್ಡದಾದರೆ ಕಲಸಿಹೋಗುತ್ತದೆ ಎಂದು ತೋರಿಸಿದ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ನಮ್ಮ ಹೊಂಗೆ ಮರಗಳ ಕೆಳಗೂ ಅದೇ ಆಕಾರಗಳು ಬಿದ್ದಿದ್ದವು, ಎಲೆಗಳ ಸಂದಿಯೇ ತೂತು. ಬಾಗಿಲು ಹಾಕಿಕೊಂಡು, ನೀರಿಗೆ ದರ್ಭೆ ಹಾಕಿ ಒಳಗೇ ಕೂತ ಮನೆಗಳ ಮಕ್ಕಳಿಗೆ ಅದು ತಪ್ಪಿಹೋಯಿತಲ್ಲ ಎಂದು ಇವತ್ತಿಗೂ ಬೇಸರವಿದೆ.

ಫೋಕಸ್ಸಿನ ಗುಟ್ಟೂ ಇದೇ ಲೆಕ್ಕದಲ್ಲಿದೆ. ನನಗೆ ತುಂಬಾ ಖುಷಿ ಕೊಡುವುದು ಇದು. ಕಿಟಕಿ ಇದ್ದ ಜಾಗದಲ್ಲಿ ಲೆನ್ಸಿನ ತೂತನ್ನು ಇಟ್ಟುಕೊಳ್ಳಿ. ಇರುವೆಗೆ ಆ ತೂತು ಎಷ್ಟು ದೊಡ್ಡದಾಗಿ ಕಾಣುತ್ತದೋ, ಹಿಂದಿನ ಎಸಳು ಅಷ್ಟು ಮಸುಕು. 50 ಮಿಲಿಮೀಟರ್ ಲೆನ್ಸು ಎಫ್/2ರಲ್ಲಿ, ಅಂದರೆ 50ನ್ನು 2ರಿಂದ ಭಾಗಿಸಿದಷ್ಟು, 25 ಮಿಲಿಮೀಟರ್ ತೆರೆದಿರುತ್ತದೆ. ಅರ್ಧ ಮೀಟರ್ ದೂರದ ಹೂವಿಗೆ ಅದು ಆ ದೂರದ ಇಪ್ಪತ್ತರಲ್ಲಿ ಒಂದು ಪಾಲು. ಫೋಕಸ್ ಮಾಡಿದ ಎಸಳಿಗಿಂತ ಒಂದು ಸೆಂಟಿಮೀಟರ್ ಹಿಂದಿರುವುದು ಅರ್ಧ ಮಿಲಿಮೀಟರ್ ಹರಡುತ್ತದೆ. ಎಫ್/8ಕ್ಕೆ ಇಳಿಸಿದರೆ ಈ ಹರಡುವಿಕೆ ಕಾಲು ಭಾಗ. ಹಾಗಂತ ಎಫ್/22ರವರೆಗೆ ಹೋಗಬೇಡಿ. ತೂತು ತೀರಾ ಕಿರಿದಾದರೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡಿ ಇಡೀ ಹೂವೇ ಮಂಜಾಗುತ್ತದೆ.

ಫೋನಿನ ಲೆನ್ಸು ತೆರೆಯುವುದು ಕೆಲವೇ ಮಿಲಿಮೀಟರ್. ಅದಕ್ಕೇ ಹಿಂದಿನ ಗೋಡೆಯ ಸುಣ್ಣದ ಬಿರುಕೂ ಎದ್ದು ಕಾಣುತ್ತದೆ. ಪೋರ್ಟ್ರೇಟ್ ಮೋಡ್ ಕೊಡುವ ಮಸುಕು ಲೆನ್ಸಿನದಲ್ಲ, ಸಾಫ್ಟ್‌ವೇರ್ ಬಳಿದದ್ದು. ಸೇವಂತಿಗೆಯ ಸಣ್ಣ ಎಸಳುಗಳ ತುದಿಯನ್ನು ಅದು ಎಷ್ಟೋ ಸಲ ನುಂಗಿಬಿಡುತ್ತದೆ. ಅದನ್ನು ಆಫ್ ಮಾಡಿ. ಫೋಕಸ್ ಸಿಗುವಷ್ಟು ಹತ್ತಿರಕ್ಕೆ ಫೋನ್ ಒಯ್ಯಿರಿ, ಹೂವನ್ನು ಗೋಡೆಯಿಂದ ನಾಲ್ಕಡಿ ಈಚೆಗೆ ತನ್ನಿ. ಕಿಟಕಿಗೆ ಬಿಸಿಲು ಬಿದ್ದರೆ ಒಂದು ಬಿಳಿ ಪಂಚೆ ಕಟ್ಟಿ. ಆಗ ಇರುವೆಗೆ ಕಾಣುವುದು ಸೂರ್ಯನ ಬಿಲ್ಲೆಯಲ್ಲ, ಬೆಳಗುವ ಇಡೀ ಪಂಚೆ.