ಅಂಬಾರಿಯಲ್ಲಿರುವುದು 750 ಕೆ.ಜಿ. ಚಿನ್ನವೇ?

ಪ್ರಶ್ನೆ: ಜಂಬೂಸವಾರಿಯಲ್ಲಿ ಆನೆ 750 ಕೆ.ಜಿ. ಚಿನ್ನ ಹೊತ್ತು ಹೇಗೆ ನಡೆಯುತ್ತದೆ?

ದಸರಾ ಹತ್ತಿರ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ: ಅಷ್ಟೂ ಚಿನ್ನವಲ್ಲ. 750 ಕೆ.ಜಿ. ಎನ್ನುವುದು ಅಂಬಾರಿಯ ಒಟ್ಟು ತೂಕ. ಒಳಗಿರುವುದು ಮರದ ಚೌಕಟ್ಟು, ಅದಕ್ಕೆ ಕುಸುರಿ ಕೆಲಸದ ಚಿನ್ನದ ತಗಡು ಹೊದಿಸಿದೆ. ನಂಬದವರು ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪಾತ್ರೆ ತುಂಬ ಅಪ್ಪಟ ಚಿನ್ನವಿದ್ದರೆ ಅದರ ತೂಕ 19.3 ಕೆ.ಜಿ. ಅಂದರೆ 750 ಕೆ.ಜಿ. ಚಿನ್ನಕ್ಕೆ ಬೇಕಾದ ಜಾಗ ಸುಮಾರು 39 ಲೀಟರ್. ಮನೆಗೆ ತರಿಸುವ 20 ಲೀಟರಿನ ಎರಡು ನೀರಿನ ಕ್ಯಾನು ಸಾಕು! ಕಂಬ, ಮಂಟಪ, ಒಳಗೆ ಚಾಮುಂಡೇಶ್ವರಿಯ ಮೂರ್ತಿ ಇರುವ ಅಂಬಾರಿ ಎರಡು ಕ್ಯಾನಿನಷ್ಟಿದೆಯೇ? ಅಷ್ಟು ದೊಡ್ಡದನ್ನು ಗಟ್ಟಿ ಚಿನ್ನದಲ್ಲೇ ಮಾಡಿದ್ದರೆ ಯಾವ ಆನೆಗೂ ಹೊರಲಾಗುತ್ತಿರಲಿಲ್ಲ. ಅಪ್ಪಟ ಚಿನ್ನ ಮೆದು ಬೇರೆ, ಆನೆಯ ಹೆಜ್ಜೆಯ ಕುಲುಕಾಟಕ್ಕೆ ಕಂಬಗಳೇ ಬಾಗುತ್ತಿದ್ದವು.

ಇನ್ನು ಹೊರುವ ವಿಷಯ. ಆನೆಯ ಬೆನ್ನುಮೂಳೆ ಮೇಲಕ್ಕೆ ಉಬ್ಬಿರುತ್ತದೆ, ಭಾರ ನೇರ ಅದರ ಮೇಲೆ ಕೂರಬಾರದು. ಮೊದಲು ನಮ್ದಾ ಎಂಬ ಮೆತ್ತನೆಯ ಹಾಸು, ಅದರ ಮೇಲೆ ದಪ್ಪನೆಯ ಗಾದಿ ಹಾಕಿ ಹಗ್ಗ ಬಿಗಿಯುತ್ತಾರೆ. ಆಗ ಭಾರ ಎರಡೂ ಪಕ್ಕೆಗಳಿಗೆ ಹಂಚಿಹೋಗುತ್ತದೆ. ನಮ್ದಾ ಒಂದು ಕಡೆ ಮಡಿಚಿಕೊಂಡರೂ ಚರ್ಮ ಉಜ್ಜಿ ಗಾಯವಾಗುತ್ತದೆ. ಹಗ್ಗ ಸಡಿಲವಾದರೆ ದಾರಿಯಲ್ಲೇ ಅಂಬಾರಿ ವಾಲುತ್ತದೆ. ತಾಲೀಮಿನಲ್ಲಿ ಮರಳಿನ ಮೂಟೆಗಳನ್ನು ಎರಡೂ ಬದಿಗೆ ಸಮನಾಗಿ ಕಟ್ಟಿ, ದಿನ ಕಳೆದಂತೆ ತೂಕ ಏರಿಸುತ್ತಾರೆ. ಆಮೇಲೆ ಮರದ ಅಂಬಾರಿ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿ.ಮೀ. ದಾರಿ. ಅದನ್ನು ತಾಳಿಕೊಳ್ಳಲು ಕುಸುರೆ ತಿನ್ನಿಸುತ್ತಾರೆ: ಭತ್ತ, ಬೆಲ್ಲ, ತೆಂಗಿನಕಾಯಿ, ಹಿಂಡಿ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಉಂಡೆ.

ಯಾರೂ ಕೇಳದ, ಕೇಳಲೇಬೇಕಾದ ಮಾತು ಕುಶಾಲತೋಪಿನದು. ರಾಷ್ಟ್ರಗೀತೆ ನುಡಿಸುವಾಗ 7 ಫಿರಂಗಿಗಳಿಂದ 21 ಸುತ್ತು ಹಾರುತ್ತದೆ. ಪ್ರತಿ ಸುತ್ತಿನ ಬಳಿಕ ಒದ್ದೆ ಬಟ್ಟೆ ಸುತ್ತಿದ ಸಿಂಬ ಎಂಬ ಉದ್ದನೆಯ ಕೋಲನ್ನು ನಳಿಗೆಯೊಳಗೆ ತೂರಿಸಿ ತಿರುಗಿಸಲೇಬೇಕು. ಒಳಗೆ ಒಂದು ಕಿಡಿ ಉಳಿದರೂ ಹೊಸ ಮದ್ದು ತುಂಬುವವನ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಆನೆ, ಕುದುರೆಗಳನ್ನು ಈ ಸದ್ದಿಗೆ ಮೊದಲೇ ಒಗ್ಗಿಸುತ್ತಾರೆ. ಹೊಸ ಆನೆಯ ಕಾಲಿಗೆ ಸರಪಳಿ, ಮಗ್ಗುಲಲ್ಲಿ ಅನುಭವಿ ಆನೆ. ಪಕ್ಕದ್ದು ಕದಲದೆ ನಿಂತರೆ ಹೊಸದೂ ನಿಲ್ಲುವುದನ್ನು ಕಲಿಯುತ್ತದೆ.