ದೊಡ್ಡದಾಗದ ಚುಕ್ಕಿ

ನಾನು ಕೊಂಡ ಮೊದಲ ದೂರದರ್ಶಕದ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಪಕ್ಕದಲ್ಲೇ ಬಳೆ ತೊಟ್ಟ ಶನಿಯ ಬಣ್ಣದ ಚಿತ್ರ. ಅದನ್ನು ತೆಗೆದದ್ದು ಯಾವುದೋ ಬಾಹ್ಯಾಕಾಶ ನೌಕೆಯೇ ಹೊರತು ಪೆಟ್ಟಿಗೆಯೊಳಗಿದ್ದ ಕೊಳವೆಯಲ್ಲ ಎಂದು ತಿಳಿಯುವಷ್ಟು ಬುದ್ಧಿ ಆಗ ಇರಲಿಲ್ಲ. ಅಂದು ರಾತ್ರಿಯೇ ತಾರಸಿಗೆ ಹೊತ್ತೊಯ್ದೆ. ಕೊಟ್ಟಿದ್ದ ಐಪೀಸುಗಳಲ್ಲಿ, ಅಂದರೆ ಕಣ್ಣಿಡುವ ಕಡೆ ಸಿಕ್ಕಿಸುವ ಪುಟ್ಟ ಮಸೂರಗಳಲ್ಲಿ, ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ, ಅದಕ್ಕೆ ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರವನ್ನೂ ಜೋಡಿಸಿ, ಲುಬ್ಧಕ ನಕ್ಷತ್ರದ ಕಡೆ ಗುರಿಯಿಟ್ಟೆ. ಒಂದು ಗಂಟೆ ಬರೀ ಕಪ್ಪು. ಕೊನೆಗೊಮ್ಮೆ ಸಿಕ್ಕಿದ್ದು ಜಾತ್ರೆಯ ದೀಪದಂತೆ ಕುಣಿಯುವ ಒಂದು ಬೆಳಕಿನ ಉಂಡೆ. ಅದೂ ಇಪ್ಪತ್ತು ಸೆಕೆಂಡು ನಿಲ್ಲದೆ ಅಂಚು ದಾಟಿ ಓಡಿಹೋಯಿತು.

525 ಎಲ್ಲಿಂದ ಬಂತು ಎಂಬುದು ಪ್ರಾಥಮಿಕ ಶಾಲೆಯ ಲೆಕ್ಕ. ನನ್ನ ದೂರದರ್ಶಕದ ಕನ್ನಡಿಯ ಅಗಲ 76 ಮಿಲಿಮೀಟರ್, ಸಂಗಮ ದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ, 700 ಮಿಲಿಮೀಟರ್. ಸಂಗಮ ದೂರವನ್ನು ಐಪೀಸಿನ ಮೇಲೆ ಬರೆದಿರುವ ಸಂಖ್ಯೆಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 20ರ ಐಪೀಸಿನಲ್ಲಿ 35 ಪಟ್ಟು, 12.5ರದ್ದರಲ್ಲಿ 56, 4ರದ್ದರಲ್ಲಿ 175. ಈ 175ನ್ನು ಬಾರ್ಲೋದ ಮೂರರಿಂದ ಗುಣಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಕನ್ನಡಿಯ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ಎಳೆದರೆ ಹೊಸದೇನೂ ಕಾಣುವುದಿಲ್ಲ, ಮಸುಕಷ್ಟೇ ದೊಡ್ಡದಾಗುತ್ತದೆ. ನನ್ನದರ ಮಿತಿ ಸುಮಾರು 150. ಮಜ್ಜಿಗೆಗೆ ನೀರು ಬೆರೆಸಿದಂತೆ: ಪಾತ್ರೆ ತುಂಬುತ್ತದೆ, ರುಚಿ ಹೋಗುತ್ತದೆ.

ದೂರದರ್ಶಕದ ನಿಜವಾದ ಕೆಲಸ ಹಿಗ್ಗಿಸುವುದಲ್ಲ, ಬೆಳಕನ್ನು ಬಾಚಿಕೊಳ್ಳುವುದು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರ್ ತೆರೆದುಕೊಳ್ಳುತ್ತದೆ. 76 ಮಿಲಿಮೀಟರಿನ ಕನ್ನಡಿ ಅದಕ್ಕಿಂತ ನೂರು ಪಟ್ಟಿಗೂ ಮಿಗಿಲಾಗಿ ಬೆಳಕು ಹಿಡಿಯುತ್ತದೆ. ಕೊಳ್ಳುವವರು ನೋಡಬೇಕಾದದ್ದು ಈ ಅಗಲವನ್ನು, ಆಮೇಲೆ ಕಾಲುಗಳು ಗಟ್ಟಿಯಾಗಿವೆಯೇ ಎಂಬುದನ್ನು. ಪೆಟ್ಟಿಗೆಯ ಮೇಲೆ ವರ್ಧನೆಯನ್ನೇ ಡಂಗುರ ಸಾರಿದ್ದರೆ ಆ ಅಂಗಡಿಯಿಂದ ಹೊರಬನ್ನಿ ಎಂದೇ ನನ್ನ ಸಲಹೆ.

ಇನ್ನೊಂದು ನಿರಾಸೆಯನ್ನೂ ಮೊದಲೇ ಹೇಳಿಬಿಡುತ್ತೇನೆ: ನಕ್ಷತ್ರ ದೊಡ್ಡದಾಗಿ ಕಾಣುವುದಿಲ್ಲ. ಚಂದ್ರ ಕಾಣುತ್ತಾನೆ, ಗುರು ಕಾಣುತ್ತಾನೆ, ನಕ್ಷತ್ರ ಮಾತ್ರ ಚುಕ್ಕಿಯಾಗಿಯೇ ಉಳಿಯುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ವಿಕಲೆ ಎಂದು ಹೆಸರು. ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವ ಆರ್ದ್ರಾ ಸೂರ್ಯನಿಗಿಂತ ನೂರಾರು ಪಟ್ಟು ಅಗಲದ ದೈತ್ಯ. ಅದೂ ನಮಗೆ ಕಾಣುವುದು ಒಂದು ವಿಕಲೆಯ ಇಪ್ಪತ್ತನೇ ಒಂದು ಭಾಗದಷ್ಟು. ನನ್ನ ಕೊಳವೆ ಬಿಡಿಸಿ ತೋರಿಸಬಲ್ಲದ್ದು ಒಂದೂವರೆ ವಿಕಲೆಯವರೆಗೆ. ಹಾಗಾಗಿ ನಕ್ಷತ್ರ ತಟ್ಟೆಯಂತೆ ದೊಡ್ಡದಾಗಿ ಕಂಡರೆ ಹಿಗ್ಗಬೇಡಿ, ಫೋಕಸ್ ತಪ್ಪಿದೆ. ತಿರುಪನ್ನು ತಿರುಗಿಸುತ್ತಾ ಹೋಗಿ. ಚುಕ್ಕಿ ಸೂಜಿಮೊನೆಯಷ್ಟಾದಾಗ ನಿಲ್ಲಿಸಿ. ಕನ್ನಡಿ ದೊಡ್ಡದಾದಷ್ಟೂ, ಗಾಳಿ ತಿಳಿಯಾಗಿದ್ದರೆ, ಚುಕ್ಕಿ ಇನ್ನೂ ಸಣ್ಣದಾಗುತ್ತದೆ.

ಹಾಗಾದರೆ ನೋಡುವುದೇನನ್ನು? ಅದಕ್ಕೆ ಮುನ್ನ, ಹುಡುಕುವುದು ಹೇಗೆ?

ನನ್ನ 20ರ ಐಪೀಸಿನಲ್ಲಿ ಒಂದು ಸಲಕ್ಕೆ ಕಾಣುವ ಆಕಾಶದ ಅಗಲ ಡಿಗ್ರಿಗಿಂತ ತುಸು ಹೆಚ್ಚು, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಡಬಹುದಾದಷ್ಟು. ತಲೆಯ ಮೇಲಿನ ಅರ್ಧಗೋಳದಲ್ಲಿ ಇಂಥ ತುಂಡುಗಳು ಇಪ್ಪತ್ತು ಸಾವಿರ ಇವೆ. ಸುಮ್ಮನೆ ಕೊಳವೆ ಆಡಿಸುತ್ತಾ ಹೋದರೆ ಸಿಕ್ಕುವ ಸಂಭವ ಎಷ್ಟೆಂದು ನೀವೇ ಊಹಿಸಿ. ಅದಕ್ಕೆಂದೇ ಕೊಳವೆಯ ಬೆನ್ನ ಮೇಲೆ ಫೈಂಡರ್ ಎಂಬ ಮರಿ ದೂರದರ್ಶಕ ಇರುತ್ತದೆ. ಅಗಲವಾದ ಆಕಾಶವನ್ನು ತೋರಿಸಿ ಗುರಿ ಹಿಡಿಯಲು ನೆರವಾಗುವುದು ಅದರ ಕೆಲಸ. ಆದರೆ ಕಾರ್ಖಾನೆಯಿಂದ ಬಂದ ಫೈಂಡರ್ ಒಂದು ಕಡೆ ನೋಡುತ್ತಿದ್ದರೆ ಕೊಳವೆ ಇನ್ನೊಂದು ಕಡೆ ನೋಡುತ್ತಿರುತ್ತದೆ. ಇಬ್ಬರ ದೃಷ್ಟಿಯನ್ನು ಒಂದು ಮಾಡುವ ಕೆಲಸವನ್ನು ಹಗಲಿನಲ್ಲೇ ಮುಗಿಸಬೇಕು. ಇದನ್ನು ಬಿಟ್ಟವರೇ ದೂರದರ್ಶಕವನ್ನು ಅಟ್ಟಕ್ಕೆ ಸೇರಿಸುತ್ತಾರೆ.

ನಾನು ಹಿಡಿದದ್ದು ಒಂದು ಕಿಲೋಮೀಟರ್ ಆಚೆಯ ಮೊಬೈಲ್ ಗೋಪುರವನ್ನು. ಸಂಜೆ ನಾಲ್ಕರ ಹೊತ್ತು, ಸೂರ್ಯ ನನ್ನ ಬೆನ್ನಿಗೆ. ಮೊದಲು 35 ಪಟ್ಟಿನಲ್ಲಿ ಗೋಪುರದ ತುದಿಯನ್ನು ಕೊಳವೆಯ ನಡುವಿಗೆ ತಂದು ಬಿಗಿ ಮಾಡಿದೆ. ಕನ್ನಡಿಯ ದೂರದರ್ಶಕ ತಲೆಕೆಳಗು ತೋರಿಸುವುದರಿಂದ ಗೋಪುರ ಬಾವಲಿಯಂತೆ ಮೇಲಿನಿಂದ ಇಳಿಬಿದ್ದಿತ್ತು, ಅದರ ಕಂಬಿಯ ಮೇಲಿನ ಕಾಗೆಯೊಂದು ಕಾಲು ಮೇಲಾಗಿ ರೆಕ್ಕೆ ಒದರುತ್ತಿತ್ತು. ಆಮೇಲೆ ಫೈಂಡರಿನಲ್ಲಿ ಕಣ್ಣಿಟ್ಟೆ. ಅಡ್ಡಗೆರೆಗಳ ಸಂಧಿ ಗೋಪುರವನ್ನು ಬಿಟ್ಟು ಯಾರದೋ ನೀರಿನ ತೊಟ್ಟಿಯ ಮೇಲಿತ್ತು. ಸುತ್ತಲಿನ ಮೂರು ತಿರುಪುಗಳಲ್ಲಿ ಒಂದನ್ನು ಸಡಿಲಿಸಿ ಇನ್ನೊಂದನ್ನು ಒತ್ತುತ್ತಾ ಬಂದರೆ ಸಂಧಿ ಗೋಪುರದ ತುದಿಗೆ ಬಂದು ಕೂರುತ್ತದೆ. ಅಷ್ಟರಲ್ಲಿ ಕೊಳವೆ ಅಲುಗಿರುತ್ತದೆ. ಮತ್ತೆ ನೋಡಬೇಕು, ಮತ್ತೆ ತಿರುಪಬೇಕು. ನಲವತ್ತು ನಿಮಿಷ ಹಿಡಿಯಿತು. ಆ ರಾತ್ರಿ ಲುಬ್ಧಕ ಸಿಕ್ಕಿದ್ದು ಒಂದೇ ನಿಮಿಷದಲ್ಲಿ.

ಹಗಲಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕೊಳವೆಯಾಗಲಿ ಫೈಂಡರಾಗಲಿ ಸೂರ್ಯನ ಕಡೆ ತಿರುಗಕೂಡದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಪಿ ಕೂರಿಸುವ ಕಪ್ಪು ‘ಸೂರ್ಯ ಫಿಲ್ಟರ್’ ಇಟ್ಟಿರುತ್ತಾರೆ. ಬೆಳಕೆಲ್ಲ ಒಟ್ಟುಗೂಡಿ ಸುಡುವ ಜಾಗದಲ್ಲೇ ಅದು ಕೂರುವುದರಿಂದ ಕಾದು ಬಿರುಕು ಬಿಡಬಹುದು. ನನ್ನದನ್ನು ಸುತ್ತಿಗೆಯಿಂದ ಒಡೆದು ಎಸೆದೆ, ಮಕ್ಕಳ ಕೈಗೆ ಸಿಗದಿರಲೆಂದು.

ಕಾಲುಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮೇಲೆ–ಕೆಳಗೆ, ಎಡ–ಬಲ ಎಂದು ಸರಳವಾಗಿ ತಿರುಗುವುದನ್ನೇ ಆರಿಸಿ. ಧ್ರುವಕ್ಕೆ ಗುರಿಯಿಟ್ಟು ಭೂಮಿಯ ಅಕ್ಷಕ್ಕೆ ಹೊಂದಿಸುವ ಇಕ್ವಟೋರಿಯಲ್ ನಿಲುವು ಚಂದವೇ, ಆದರೆ ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ಅಷ್ಟು ಕೆಳಗೆ ವಾಲಿಸಿದರೆ ಎಷ್ಟೋ ನಿಲುವುಗಳಲ್ಲಿ ಎದುರುತೂಕದ ಗುಂಡು ಕಾಲಿಗೇ ಬಡಿಯುತ್ತದೆ.

ಇನ್ನು ತಾರಸಿ. ದಿನವಿಡೀ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ, ಅದರ ಮೇಲಿನ ಗಾಳಿಯಲ್ಲಿ ನಕ್ಷತ್ರಗಳು ಕುದಿಯುವ ಎಸರಿನ ತಳದ ಕಾಳಿನಂತೆ ಕುಣಿಯುತ್ತವೆ. ಅಂಗಳದ ಮಣ್ಣು ವಾಸಿ, ಹುಲ್ಲು ಇನ್ನೂ ವಾಸಿ. ಕೊಳವೆಯನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು ತಣಿಯಲು ಬಿಡಿ. ನಿಮ್ಮ ಕಣ್ಣಿಗೂ ಅಷ್ಟೇ ಹೊತ್ತು ಬೇಕು, ಕತ್ತಲಿಗೆ ಪಳಗಲು. ಒಮ್ಮೆ ಮೊಬೈಲ್ ನೋಡಿದಿರೋ, ಅರ್ಧ ಗಂಟೆ ನೀರಿನಲ್ಲಿ ಹೋಮ. ನಕ್ಷೆ ನೋಡಲು ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿಕೊಳ್ಳಿ.

ಈಗ ನಕ್ಷತ್ರಕ್ಕೆ ಬರೋಣ. ನಮ್ಮ ಅಕ್ಷಾಂಶದವರಿಗೆ ಮೇ ತಿಂಗಳು ಒಂದು ವರ. ಮುಂಗಾರಿಗೆ ಮುನ್ನ ಮೋಡ ಬಿಟ್ಟುಕೊಟ್ಟ ರಾತ್ರಿಗಳು ಸಿಕ್ಕರೆ ಬಿಡಬಾರದು. ತಿಂಗಳ ನಡುವಿನಲ್ಲಿ, ರಾತ್ರಿ ಸುಮಾರು ಹತ್ತಕ್ಕೆ, ಉತ್ತರದಲ್ಲಿ ಸಪ್ತರ್ಷಿಗಳ ಸೌಟು ಬೋರಲಾಗಿ ನಿಂತಿರುತ್ತದೆ. ಹಿಡಿಕೆಯ ಮೂರು ನಕ್ಷತ್ರಗಳಲ್ಲಿ ನಡುವಿನವನು ವಸಿಷ್ಠ, ಅವನಿಗೆ ಅಂಟಿಕೊಂಡ ಮಂಕು ಚುಕ್ಕಿ ಅರುಂಧತಿ. ಮದುವೆಯಲ್ಲಿ ಪುರೋಹಿತರು ಹಾಡುಹಗಲಲ್ಲೇ, ಶಾಮಿಯಾನದ ಸಂದಿಯಿಂದ ತೋರಿಸುವ ಅದೇ ಅರುಂಧತಿ. ವಧುವರರು ಕಂಡೆವೆಂದು ತಲೆಯಾಡಿಸುವುದೂ ಸಂಪ್ರದಾಯವೇ. ಕತ್ತಲಲ್ಲಿ ಬರಿಗಣ್ಣಿಗೆ ನಿಜವಾಗಿಯೂ ಕಾಣುತ್ತದೆ. ದೂರದರ್ಶಕದಲ್ಲಿ 35 ಪಟ್ಟಿಗೆ ನೋಡಿ: ಅರುಂಧತಿ ದೂರ ಸರಿದು ನಿಲ್ಲುತ್ತಾಳೆ, ಈ ಕಡೆ ವಸಿಷ್ಠನೇ ಎರಡಾಗಿ ಒಡೆದಿರುತ್ತಾನೆ! ಎರಡು ಬಿಳಿಯ ಚುಕ್ಕಿಗಳು, ನಡುವೆ 14 ವಿಕಲೆ. ಗೆಲಿಲಿಯೋ ಮತ್ತು ಅವನ ಶಿಷ್ಯ ಕಾಸ್ಟೆಲ್ಲಿ 1617ರಲ್ಲೇ ಇದನ್ನು ಕಂಡಿದ್ದರು. ಆ ಎರಡೂ ಒಂದೊಂದು ಜೋಡಿ, ಅರುಂಧತಿಯೂ ಜೋಡಿ ಎಂದು ಆಮೇಲೆ ತಿಳಿಯಿತು. ಒಟ್ಟು ಆರು.

ನಕ್ಷತ್ರ ನೋಡುವುದೆಂದರೆ ಇದು. ಚುಕ್ಕಿ ದೊಡ್ಡದಾಗುವುದಿಲ್ಲ, ಒಂದಿದ್ದದ್ದು ಎರಡಾಗುತ್ತದೆ. ಊರಿನ ಬೀದಿದೀಪಗಳೂ ಇದನ್ನು ಕೆಡಿಸಲಾರವು.

ಸೌಟಿನ ಹಿಡಿಕೆಯ ಬಾಗನ್ನೇ ಮುಂದುವರಿಸಿ ಬನ್ನಿ: ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಅದೇ ಬಾಗಿನಲ್ಲಿ ಮುಂದೆ ನೀಲಿ ಬಿಳುಪಿನ ಚಿತ್ರಾ. ಚಿತ್ರಾ ಕೂಡ ಜೋಡಿಯೇ, ಆದರೆ ಆ ಎರಡು ನಾಲ್ಕೇ ದಿನಕ್ಕೊಂದು ಸುತ್ತು ಹಾಕುವಷ್ಟು ಹತ್ತಿರ; ನಮ್ಮ ಕೊಳವೆಗಳಿಗೆ ಒಡೆಯುವ ಮಾತಲ್ಲ. ವಸಿಷ್ಠ, ಚಿತ್ರಾ ಎರಡೂ ಈ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಉತ್ತರ–ದಕ್ಷಿಣ ಗೆರೆಯ ಮೇಲಿರುತ್ತವೆ. ಈ ಗೆರೆ ಹಿಡಿದು ದಕ್ಷಿಣಕ್ಕೆ ಮುಖ ಮಾಡಿ, ಕೈ ನೀಡಿ ಮುಷ್ಟಿ ಕಟ್ಟಿ. ಒಂದು ಮುಷ್ಟಿಗೆ ಹತ್ತು ಡಿಗ್ರಿ. ಚಿತ್ರಾದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿದರೆ ಫೈಂಡರಿನಲ್ಲಿ ಒರೆಸಿಹೋದಂತಿರುವ ಒಂದು ಚುಕ್ಕಿ ಸಿಗುತ್ತದೆ.

ಹಿಂದಿನವರು ಅದನ್ನು ನಕ್ಷತ್ರವೆಂದೇ ಪಟ್ಟಿಗೆ ಸೇರಿಸಿದ್ದರಿಂದ ಹೆಸರೂ ನಕ್ಷತ್ರದ್ದೇ: ಒಮೇಗಾ ಸೆಂಟಾರಿ. ನಕ್ಷತ್ರವಲ್ಲ, ಮಂಜಿನಂತಿದೆ ಎಂದು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಗುರುತಿಸಿದವನು ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಕೋಟಿಯಷ್ಟು ನಕ್ಷತ್ರಗಳು ಉಂಡೆ ಕಟ್ಟಿಕೊಂಡ ಗುಚ್ಛ ಅದು. ನನ್ನ ಕೊಳವೆಯಲ್ಲಿ ಕಾಣುವುದು ರವೆ ಉದುರಿಸಿದಂಥ ಬೂದುಬಣ್ಣದ ಉಂಡೆ, ಅಷ್ಟೇ. ನೇರವಾಗಿ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ಪರದೆಯ ನಟ್ಟನಡುವೆ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳೇ ಇಲ್ಲ, ಅವು ಇರುವುದು ಸುತ್ತಲೂ. ಓರೆನೋಟಕ್ಕೆ ನಮ್ಮ ಕವಿಗಳು ಬೇರೆ ಉಪಯೋಗ ಕಂಡುಕೊಂಡಿದ್ದರು. ಖಗೋಳಕ್ಕೂ ಅದು ಬೇಕು. ಊರಿನ ಬೆಳಕಿನಲ್ಲಿ ಮಾತ್ರ ಈ ಉಂಡೆ ಸಿಗುವುದು ಕಷ್ಟ. ನಾನು ನೋಡಿದ್ದು ಹಿರಿಯೂರಿನ ಕಡೆಯ ಒಂದು ತೋಟದ ಮನೆಯಿಂದ.

ಅಲ್ಲೇ ಇನ್ನೊಂದು ಗಂಟೆ ಕಾದರೆ, ದಕ್ಷಿಣ ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಎರಡು ಪ್ರಖರ ನಕ್ಷತ್ರಗಳು ಅಕ್ಕಪಕ್ಕ ನಿಲ್ಲುತ್ತವೆ. ಎಡಗಡೆಯದು ಆಲ್ಫಾ ಸೆಂಟಾರಿ. ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ಅತಿ ಹತ್ತಿರದ ನಕ್ಷತ್ರ ಅದು, 4.37 ಜ್ಯೋತಿರ್ವರ್ಷ. ಪ್ಯಾರಿಸಿನವರಿಗೂ ಲಂಡನ್ನಿನವರಿಗೂ ಇದು ಎಂದೂ ಉದಯಿಸುವುದಿಲ್ಲ. ಹಾಗಾಗಿ ಇದರ ಗುಟ್ಟು ಬಯಲಾದದ್ದು ಅಲ್ಲಿಯ ವೀಕ್ಷಣಾಲಯಗಳಲ್ಲಲ್ಲ, ನಮ್ಮ ನೆರೆಯ ಪುದುಚೇರಿಯಲ್ಲಿ. ಸಿಯಾಮಿನಿಂದ (ಇಂದಿನ ಥಾಯ್ಲೆಂಡ್) ಬಂದು ಅಲ್ಲಿ ನೆಲೆಸಿದ್ದ ಜೆಸ್ಯೂಟ್ ಪಾದ್ರಿ ಜ್ಯಾಂ ರಿಶೋ 1689ರ ಡಿಸೆಂಬರಿನಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದಾಗ, ದೂರದರ್ಶಕ ಇದರ ಮೇಲೆ ಹಾದು, ಒಂದು ಎರಡಾಗಿ ಕಂಡಿತು.

ಇಷ್ಟು ಕೆಳಗೆ ಗಾಳಿ ದಟ್ಟ, 35 ಪಟ್ಟಿನಲ್ಲಿ ಚುಕ್ಕಿ ಉದ್ದವಾದಂತೆ ಕಂಡು ಅನುಮಾನ ಹುಟ್ಟಿಸಿತಷ್ಟೇ. 12.5ರ ಐಪೀಸಿಗೆ ಬದಲಿಸಿದೆ. ನಕ್ಷತ್ರ ನಡುವಿನಿಂದ ಅಂಚಿಗೆ ತೇಲಿಹೋಗುತ್ತದೆ (ಅದು ತೇಲುವ ದಿಕ್ಕೇ ಪಶ್ಚಿಮ), ಹಾಗಾಗಿ ತುಸು ಮುಂದಕ್ಕೆ ಗುರಿಯಿಟ್ಟು, ಕೈ ತೆಗೆದು, ಅಲುಗಾಟ ನಿಲ್ಲಲೆಂದು ಉಸಿರು ಬಿಗಿಹಿಡಿದು ಕಾದೆ. ಒಳಗೆ ತೇಲಿ ಬಂತು. ಕಲಕಿದ ನೀರಿನಡಿಯ ನಾಣ್ಯದಂತೆ ಒಂದಿಷ್ಟು ನಡುಗಿ, ಗಾಳಿ ಕ್ಷಣಕಾಲ ನಿಂತಾಗ, ಹಳದಿಯ ಎರಡು ಮೊನೆಗಳು ಬೇರೆಬೇರೆಯಾಗಿ ನಿಂತವು, ಒಂದು ಇನ್ನೊಂದಕ್ಕಿಂತ ಮಂಕು. ಅವು ಪರಸ್ಪರ ಸುತ್ತಲು ಸುಮಾರು 80 ವರ್ಷ ಬೇಕು. ರಿಶೋ ಕಂಡ ರಾತ್ರಿಯಿಂದ ಈಚೆಗೆ ನಾಲ್ಕು ಸುತ್ತು ಮುಗಿಸಿ ಐದನೆಯದರಲ್ಲಿವೆ.

ತೋಟದ ಯಜಮಾನರನ್ನು ಕೂಗಿದೆ. ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಐಪೀಸಿಗೆ ಕಣ್ಣು ಹಚ್ಚುವಷ್ಟರಲ್ಲಿ ಎರಡೂ ತೆಂಗಿನ ಗರಿಯ ಹಿಂದೆ ಸರಿದಿದ್ದವು. ದೂರದರ್ಶಕವನ್ನು ಎತ್ತಿ ನಾಲ್ಕು ಹೆಜ್ಜೆ ಆಚೆ ಇಟ್ಟು, ಮತ್ತೆ ಫೈಂಡರಿನಿಂದ ಶುರು ಮಾಡಿದೆ.