ಕಡತ: ಕಾಗದವಿಲ್ಲದ ಕಪ್ಪು ಪುಸ್ತಕ

‘ಕಡತ ಇನ್ನೂ ಮೇಲಿನಿಂದ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂಬ ಮಾತು ಕೇಳಿಸಿಕೊಳ್ಳದೆ ಸರ್ಕಾರಿ ಕಚೇರಿಯಿಂದ ಹೊರಬಂದವರು ಕಡಿಮೆ. ಮೂಲದ ಕಡತವನ್ನು ಕಣ್ಣಾರೆ ಕಂಡವರು ಇನ್ನೂ ಕಡಿಮೆ. ಅದರಲ್ಲಿ ಕಾಗದವೂ ಇಲ್ಲ, ದಾರವೂ ಇಲ್ಲ. ಅದು ಬಟ್ಟೆಯ ಪುಸ್ತಕ.

ಹುಣಸೆಬೀಜವನ್ನು ಅರೆದು ಕುದಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿಬಟ್ಟೆಯ ಎರಡೂ ಮೈಗೆ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಹಲಗೆಯಂತೆ ಬಿರುಸಾಗಿ ಕಪ್ಪಗಾದ ಮೇಲೆ, ಎಲ್ಲಿಯೂ ಕತ್ತರಿಸದೆ ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಮಡಚುತ್ತಾ ಹೋದರೆ ಪುಟಗಳು ಸಿದ್ಧ. ಉಳ್ಳವರ ಕಡತಕ್ಕೆ ಎರಡೂ ತುದಿಯಲ್ಲಿ ಬಣ್ಣ ಬಳಿದ ಮರದ ಪಟ್ಟಿ, ಮೇಲೊಂದು ರೇಷ್ಮೆಯ ಚೀಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸ ಗ್ರಂಥದಲ್ಲಿ ಇದರ ಅಳತೆ ಕೊಟ್ಟಿದ್ದಾನೆ: ಅಗಲ ಎಂಟರಿಂದ ಹನ್ನೆರಡು ಇಂಚು, ಉದ್ದ 12ರಿಂದ 18 ಅಡಿ. ಪೂರ್ತಿ ಬಿಡಿಸಿದರೆ ಪಡಸಾಲೆಯ ಉದ್ದಕ್ಕೂ ಹಾಸಿಕೊಳ್ಳುತ್ತದೆ.

ಬರೆಯುತ್ತಿದ್ದುದು ಬಳಪದಿಂದ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಕೆತ್ತಿದ್ದೂ ಬಳಪದ ಕಲ್ಲನ್ನೇ; ಅಲ್ಲಿ ಅದು ಮದನಿಕೆ, ಇಲ್ಲಿ ಸಾಲದ ಲೆಕ್ಕ. ಸ್ಲೇಟಿನಂತೆ ಒರಸಬಹುದು, ಮತ್ತೆ ಬರೆಯಬಹುದು. ಅಂಗಡಿಯವರಿಗೆ ಇದು ಅನುಕೂಲವೇ. ಆದರೆ ಮಠಗಳ ದಾನ, ಆದಾಯ, ಪತ್ರವ್ಯವಹಾರದಂಥ ಕಾಯಂ ದಾಖಲೆಗಳನ್ನೂ ಅಳಿಸಬಹುದಾದ ಬರವಣಿಗೆಗೇ ಒಪ್ಪಿಸಿದ್ದರು ಎಂಬುದು ನನಗೆ ಇಂದಿಗೂ ಬೆರಗು. ತಿದ್ದುವ ಕೈಗಿಂತ ಬರೆದವನ ಮೇಲಿನ ನಂಬಿಕೆ ದೊಡ್ಡದಿತ್ತೋ ಏನೋ. ಶೃಂಗೇರಿ ಮಠದ ಕಡತಗಳಂತೂ ಉಳಿದು ಬಂದಿವೆ. ಅವುಗಳಿಂದ ಆಯ್ದ ಭಾಗಗಳು ಅಚ್ಚಾಗಿ, ಇತಿಹಾಸಕಾರರ ಕೈಗೆ ದಕ್ಕಿವೆ.

ಪದದ ಹಳೆಯ ರೂಪ ‘ಕಡಿತ’. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಲೆಕ್ಕಪತ್ರಗಳ ಹೆಗ್ಗಡೆ ಎನ್ನೋಣ. ಕಾಗದ ಬಂದು ಬಟ್ಟೆ ಹೋಯಿತು, ಹೆಸರು ಮಾತ್ರ ಕಚೇರಿಯ ಕಪಾಟಿನಲ್ಲೇ ಕುಳಿತುಬಿಟ್ಟಿತು. ಈಗ ‘ಇ-ಕಡತ’ವೂ ಬಂದಿದೆ. ಹಾಗಾಗಿ ಹಸ್ತಪ್ರತಿ ಭಂಡಾರದ ಸೂಚಿಯಲ್ಲಿ ‘ಕಡತ’ ಎಂದು ಕಂಡಾಗ ಅದು ಫೈಲೋ, ಕಪ್ಪು ಬಟ್ಟೆಯ ಪುಸ್ತಕವೋ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಟ್ಟೆಯದೇ ಆಗಿದ್ದರೆ ಒಂದು ಎಚ್ಚರ ಬೇಕು. ಓಲೆಗರಿಯಲ್ಲಿ ಅಕ್ಷರವನ್ನು ಕಂಠ ಎಂಬ ಚೂಪು ಮೊನೆಯ ಲೋಹದ ಲೇಖನಿಯಿಂದ ಕೊರೆದಿರುತ್ತಾರೆ. ಮಸಿ ಸವರಿ ಒರಸಿದರೆ ಗೀರುಗಳಲ್ಲಿ ಮಸಿ ನಿಂತು ಬರಹ ಎದ್ದು ಕಾಣುತ್ತದೆ. ಕಡತದ ಅಕ್ಷರಕ್ಕೆ ಗೀರಿನ ಆಸರೆಯಿಲ್ಲ, ಬಳಪದ ಬಿಳಿ ಮೇಲ್ಮೈಗೆ ಅಂಟಿಕೊಂಡಿರುತ್ತದೆ ಅಷ್ಟೆ. ಅದೇ ಉಪಚಾರವನ್ನು ಇಲ್ಲಿ ಮಾಡಿದರೆ ಬರಹವೇ ಹೋಗುತ್ತದೆ. ಪುಟ ತಿರುಗಿಸಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುವವರನ್ನಂತೂ ಅದರ ಹತ್ತಿರ ಬಿಡಬಾರದು.